ಬಿ. ಎಂ. ಶ್ರೀಕಂಠಯ್ಯ

ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ (ಜನವರಿ 3, 1884 – ಜನವರಿ 5, 1946) ಅವರು ಕನ್ನಡದ ಕವಿ, ನಾಟಕಕಾರ, ಭಾಷಾಂತರಕಾರ ಹಾಗೂ ಇಂಗ್ಲಿಷ್ ಪ್ರಾಧ್ಯಾಪಕರು. ಬಿ. ಎಂ. ಶ್ರೀ ಎಂಬ ಹೆಸರಿನಿಂದ ಪ್ರಸಿದ್ಧರಾದ ಇವರನ್ನು ಕನ್ನಡದ ಕಣ್ವ ಎಂದು ಕರೆಯುವ ವಾಡಿಕೆಯಿದೆ. ಇವರ 'ಇಂಗ್ಲಿಷ್ ಗೀತಗಳು' ನವೋದಯ ಕಾವ್ಯಕ್ಕೆ ದಾರಿ ತೋರಿದ ಕೃತಿಯೆಂದು ಬಹುಬೇಗ ಮನ್ನಣೆ ಪಡೆಯಿತು. ನಾಟಕಗಳ ವಿಷಯದಲ್ಲಿ ಹಾಗಾಗಲಿಲ್ಲ. ದುರ್ಯೋಧನನನ್ನೂ ಅಶ್ವತ್ಥಾಮನನ್ನೂ ದುರಂತ ನಾಯಕರನ್ನಾಗಿ ನಿಲ್ಲಿಸಿದ 'ಗದಾಯುದ್ಧ ನಾಟಕಂ' ಮತ್ತು 'ಅಶ್ವತ್ಥಾಮನ್' ಕೃತಿಗಳು ಓದುಗರನ್ನು ಎರಡು ಪಕ್ಷಗಳಾಗಿ ಒಡೆದವು. ಪುರಾಣದ ವೀರನನ್ನು ಬದಲಿಸುವ ಹಕ್ಕು ಲೇಖಕನಿಗೆ ಎಷ್ಟರ ಮಟ್ಟಿಗೆ ಇದೆ ಎಂಬ ಪ್ರಶ್ನೆ ಹೊಸಗನ್ನಡದಲ್ಲಿ ಗಟ್ಟಿಯಾಗಿ ಎದ್ದ ಸಂದರ್ಭಗಳಲ್ಲಿ ಇದು ಮುಖ್ಯವಾದುದು.

ಜನನ ಮತ್ತು ವಿದ್ಯಾಭ್ಯಾಸ

ಶ್ರೀಕಂಠಯ್ಯನವರು ಹುಟ್ಟಿದ್ದು ತಾಯಿಯ ತವರೂರಾದ ಸಂಪಿಗೆಯಲ್ಲಿ. ಇದು ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿಗೆ ಸೇರಿದ ಗ್ರಾಮ. ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳು ತುರುವೇಕೆರೆಗೆ ನೆರೆಯವು. ಹೆಸರಿನ ಮೊದಲಿಗೆ ಬರುವ ಬೆಳ್ಳೂರು ತಂದೆಯ ಕಡೆಯ ಊರು. ಕುಣಿಗಲ್ಲಿನಿಂದ ಯಡಿಯೂರಿನ ಮೇಲೆ ಹಾಸನದ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಈ ಊರು ಈಗ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನಲ್ಲಿದೆ. ತಂದೆ ಮೈಲಾರಯ್ಯ ವಕೀಲರು, ತಾಯಿ ಭಾಗೀರಥಮ್ಮ. ಬಾಲ್ಯದ ಓದು ಶ್ರೀರಂಗಪಟ್ಟಣದಲ್ಲಿ ನಡೆಯಿತು. ಮೈಸೂರು ಮತ್ತು ಬೆಂಗಳೂರುಗಳಲ್ಲಿ ಶಿಕ್ಷಣ ಮುಂದುವರಿಸಿ, ಮದರಾಸು ವಿಶ್ವವಿದ್ಯಾನಿಲಯದಿಂದ ಬಿ.ಎಲ್. ಮತ್ತು ಎಂ.ಎ. ಪದವಿಗಳನ್ನು ಪಡೆದರು.

ಚಿಕ್ಕ ವಯಸ್ಸಿನಲ್ಲಿಯೇ ಪತ್ನಿಯನ್ನು ಕಳೆದುಕೊಂಡ ಅವರು ಮರುಮದುವೆಯಾಗಲಿಲ್ಲ.  

ಅಧ್ಯಾಪಕ ವೃತ್ತಿ ಮತ್ತು ಕನ್ನಡದ ಕೆಲಸ

1909ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿಗೆ ಇಂಗ್ಲಿಷ್ ಅಧ್ಯಾಪಕರಾಗಿ ಸೇರಿದರು. ವಿದ್ಯಾವಂತರು ಮನೆಯ ಹೊರಗೆ ಕನ್ನಡ ಮಾತನಾಡಲು ಹಿಂಜರಿಯುತ್ತಿದ್ದ ಕಾಲವದು. 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಅವರು ಮಾಡಿದ 'ಕನ್ನಡ ಮಾತು ತಲೆಯೆತ್ತುವ ಬಗೆ' ಎಂಬ ಭಾಷಣ, ಇಪ್ಪತ್ತೇಳು ವರ್ಷದ ಇಂಗ್ಲಿಷ್ ಅಧ್ಯಾಪಕರೊಬ್ಬರಿಂದ ಬಂದದ್ದರಿಂದಲೇ ಹೆಚ್ಚು ಗಮನ ಸೆಳೆಯಿತು. ಇಂಗ್ಲಿಷಿನಿಂದ ಕಲಿತದ್ದನ್ನು ಕನ್ನಡಕ್ಕೆ ತರಬೇಕು, ಹಳಗನ್ನಡದ ಬೇರನ್ನೂ ಬಿಡಬಾರದು ಎಂಬುದು ಅವರ ನಿಲುವಾಗಿತ್ತು. ಈ ಎರಡರ ನಡುವಿನ ಸೆಳೆತ ಅವರ ನಾಟಕಗಳ ಶಕ್ತಿಗೂ ತೊಡಕಿಗೂ ಕಾರಣವಾಗಿದೆ.

1926ರಿಂದ 1930ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆಗಿದ್ದರು. ಕನ್ನಡ ಎಂ.ಎ. ತರಗತಿ 1927ರಲ್ಲಿ ಆರಂಭವಾದುದು ಈ ಅವಧಿಯಲ್ಲಿಯೇ. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದು ನಿವೃತ್ತರಾದರು. 1928ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. 1938ರಲ್ಲಿ ಮೈಸೂರು ಮಹಾರಾಜರಿಂದ ರಾಜಸೇವಾಸಕ್ತ ಎಂಬ ಬಿರುದು ದೊರೆಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ಪರಿಷತ್ತಿನ ಕೆಲಸವನ್ನು ಜಿಲ್ಲೆಗಳಿಗೆ ಹಬ್ಬಿಸಿದರು. ಕುವೆಂಪು, ತೀ. ನಂ. ಶ್ರೀಕಂಠಯ್ಯ, ಎಸ್. ವಿ. ರಂಗಣ್ಣ, ಜಿ. ಪಿ. ರಾಜರತ್ನಂ ಮೊದಲಾದವರು ಅವರ ಶಿಷ್ಯವರ್ಗಕ್ಕೆ ಸೇರಿದವರು.

ಇಂಗ್ಲಿಷ್ ಗೀತಗಳು

ಇಂಗ್ಲಿಷಿನ ಭಾವಗೀತೆಗಳನ್ನು ಕನ್ನಡಕ್ಕೆ ತಂದ ಈ ಸಂಕಲನ 1926ರಲ್ಲಿ ಪುಸ್ತಕವಾಗಿ ಬಂತು. ಅನುವಾದಗಳೊಂದಿಗೆ ಕೆಲವು ಸ್ವಂತ ಕವಿತೆಗಳೂ ಸೇರಿ ಇದರಲ್ಲಿ ಅರವತ್ತಕ್ಕೂ ಹೆಚ್ಚು ಕವಿತೆಗಳಿವೆ. ಆದಿಪ್ರಾಸದ ಕಟ್ಟನ್ನು ಮಂಜೇಶ್ವರದ ಎಂ. ಗೋವಿಂದ ಪೈ ಅವರು ಮೊದಲೇ ಮುರಿದಿದ್ದರು. ಬಿ. ಎಂ. ಶ್ರೀ ಅವರು ಮಾತ್ರಾಗಣಗಳನ್ನು ಬಗೆಬಗೆಯಾಗಿ ಹೊಂದಿಸಿ, ಆಡುಮಾತಿಗೆ ಹತ್ತಿರವಾದ ಹೊಸ ಪದ್ಯರೂಪಗಳನ್ನು ಕೊಟ್ಟರು. ಮುಂದಿನ ತಲೆಮಾರಿನ ಕವಿಗಳು ಈ ಲಯಗಳಲ್ಲಿಯೇ ಪಳಗಿದರು.

ಗದಾಯುದ್ಧ ನಾಟಕಂ

ಇಂಗ್ಲಿಷ್ ಗೀತಗಳ ವರ್ಷದಲ್ಲಿಯೇ, ಅಂದರೆ 1926ರಲ್ಲಿ, ಪ್ರಕಟವಾದ ಈ ಕೃತಿ ಹತ್ತನೆಯ ಶತಮಾನದ ಕವಿ ರನ್ನನ 'ಗದಾಯುದ್ಧ'ದಿಂದ ರೂಪುಗೊಂಡದ್ದು. 'ಸಾಹಸಭೀಮ ವಿಜಯ' ಎಂಬುದು ರನ್ನನ ಕಾವ್ಯದ ಇನ್ನೊಂದು ಹೆಸರು. ಅದರ ಕಥಾನಾಯಕ ಭೀಮ. ಕವಿ ತನ್ನ ಆಶ್ರಯದಾತನಾದ ಚಾಲುಕ್ಯ ದೊರೆ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿದ್ದಾನೆ. ಕಾವ್ಯ ಕೊನೆಗೊಳ್ಳುವುದು ಭೀಮನ ಪಟ್ಟಾಭಿಷೇಕದಲ್ಲಿ. ಆದರೆ ಅದನ್ನು ಓದಿದವರ ಮನಸ್ಸಿನಲ್ಲಿ ನಿಲ್ಲುವುದು ಬೇರೆಯದೇ ದೃಶ್ಯ. ಸಂಜಯನೊಡನೆ ರಣರಂಗವನ್ನು ಹಾಯ್ದು ಬರುವ ದುರ್ಯೋಧನ ದ್ರೋಣ, ದುಶ್ಶಾಸನ, ಕರ್ಣರ ಹೆಣಗಳ ಮುಂದೆ ಒಬ್ಬೊಬ್ಬರಿಗಾಗಿ ನಿಂತು ಅಳುತ್ತಾನೆ. ಶರಶಯ್ಯೆಯ ಭೀಷ್ಮ ಸಂಧಿಯ ಮಾತನ್ನಾಡಿದರೂ ಒಪ್ಪುವುದಿಲ್ಲ. ವೈಶಂಪಾಯನ ಸರೋವರದಲ್ಲಿ ಮುಳುಗಿದ್ದವನು ಭೀಮನ ಗರ್ಜನೆಗೆ ತಡೆಯಲಾರದೆ ಮೇಲೆದ್ದು ಬರುತ್ತಾನೆ.

ಬಿ. ಎಂ. ಶ್ರೀ ಅವರು ಮಾಡಿದ ಕೆಲಸ ಬಹುಮಟ್ಟಿಗೆ ಆಯ್ಕೆಯದು. ರನ್ನನ ಪದ್ಯಗಳನ್ನೂ ಸಂಭಾಷಣೆಗಳನ್ನೂ ಆರಿಸಿ, ವರ್ಣನೆ ಮತ್ತು ರಾಜಸ್ತುತಿಗಳನ್ನು ಕಳೆದು, ಉಳಿದುದನ್ನು ನಾಟಕದ ಕ್ರಮಕ್ಕೆ ತಂದರು. ಮಾತುಗಳು ರನ್ನನವೇ ಆದರೂ ಭಾರ ಬೀಳುವ ಸ್ಥಳ ಬದಲಾಯಿತು. ವಿಜಯದ ಕಥೆ ಪತನದ ಕಥೆಯಾಗಿ, ಛಲದಂಕಮಲ್ಲನೆನಿಸಿದ ದುರ್ಯೋಧನ ನಡುವೆ ಬಂದು ನಿಂತ. ಗ್ರೀಕ್ ನಾಟಕಗಳ ಆಳವಾದ ಪರಿಚಯವಿದ್ದ ಅವರ ಕಣ್ಣಿಗೆ ದುರ್ಯೋಧನನಲ್ಲಿ ಅರಿಸ್ಟಾಟಲ್ ಹೇಳಿದ ನಾಯಕನ ಲಕ್ಷಣ ಕಂಡಿತ್ತು: ಪೂರ್ಣ ಕೆಟ್ಟವನಲ್ಲದ, ದೊಡ್ಡ ಸ್ಥಾನದಲ್ಲಿರುವ, ತನ್ನದೇ ದೋಷದಿಂದ ನಾಶಕ್ಕೆ ನಡೆಯುವ ಮನುಷ್ಯ.

ರನ್ನನ ನಾಯಕ ಯಾರು ಎಂಬ ವಾದ ಇದರಿಂದ ಬಲಗೊಂಡಿತು. ಕಾವ್ಯದ ಹೆಸರು, ಆರಂಭ, ಮುಕ್ತಾಯ ಎಲ್ಲವೂ ಭೀಮನ ಕಡೆಗಿರುವಾಗ ಕೆಲವು ಪದ್ಯಗಳ ಬಲದಿಂದ ದುರ್ಯೋಧನನನ್ನು ನಾಯಕನನ್ನಾಗಿಸುವುದು ಕವಿಯ ಉದ್ದೇಶಕ್ಕೆ ವಿರುದ್ಧ ಎಂದು ಒಂದು ಪಕ್ಷ ವಾದಿಸಿತು. ದ್ರೌಪದಿಯ ಅವಮಾನಕ್ಕೆ ಕಾರಣನಾದವನಿಗೆ ಕಣ್ಣೀರು ಸಲ್ಲಿಸಿದರೆ ಭಾರತದ ಧರ್ಮವೇ ತಲೆಕೆಳಗಾಗುವುದೆಂಬ ಆಕ್ಷೇಪವೂ ಇದರೊಂದಿಗೆ ಸೇರಿತು. ಕವಿ ಬಾಯಲ್ಲಿ ಭೀಮನನ್ನು ಹೊಗಳಿದರೂ ಅವನ ಹೃದಯ ದುರ್ಯೋಧನನಿಗೆ ಒಲಿದಿದೆ, ನಾಟಕ ಅದನ್ನು ಬಯಲಿಗೆ ತಂದಿತಷ್ಟೆ ಎಂಬುದು ಇನ್ನೊಂದು ಪಕ್ಷ. ಸಂಸ್ಕೃತದಲ್ಲಿ ಭಾಸನ 'ಊರುಭಂಗ' ಸಾಯುತ್ತಿರುವ ದುರ್ಯೋಧನನನ್ನು ಅನುಕಂಪದಿಂದಲೇ ಚಿತ್ರಿಸಿದೆ. ಆದ್ದರಿಂದ ಈ ದೃಷ್ಟಿ ಕೇವಲ ಗ್ರೀಸಿನಿಂದ ಆಮದಾದದ್ದು ಎನ್ನುವಂತಿಲ್ಲ. ಎರಡನೆಯ ಪಕ್ಷಕ್ಕೂ ಒಂದು ತೊಡಕಿದೆ. ಕಾವ್ಯದಿಂದ ಯಾವುದನ್ನು ಕೈಬಿಡಬೇಕೆಂದು ನಿರ್ಧರಿಸಿದವರು ರನ್ನನಲ್ಲ, ಬಿ. ಎಂ. ಶ್ರೀ.

ನಾಗಚಂದ್ರನ ರಾವಣನನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಪ್ರಬಂಧವೂ ಇದೇ ದಾರಿಯದು. ಜೈನ ರಾಮಾಯಣದ ರಾವಣ ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂಬ ವ್ರತ ತೊಟ್ಟವನು. ಸೀತೆಯ ದೃಢತೆಯನ್ನು ಕಂಡು ಪಶ್ಚಾತ್ತಾಪಪಟ್ಟರೂ, ಗೆಲ್ಲುವ ಮುನ್ನ ಅವಳನ್ನು ಒಪ್ಪಿಸಿದರೆ ಹೇಡಿತನವಾಗುತ್ತದೆಂದು ಯುದ್ಧಕ್ಕೆ ಹೋಗಿ ಸಾಯುತ್ತಾನೆ. ಅವನನ್ನು ದುರಂತ ನಾಯಕನೆಂದು ಕರೆದುದನ್ನು ಹಲವರು ಮೆಚ್ಚಿದರು. ಜೈನರ ಕರ್ಮಸಿದ್ಧಾಂತದ ಚೌಕಟ್ಟಿನಲ್ಲಿ ಬೆಳೆದ ಪಾತ್ರಕ್ಕೆ ಗ್ರೀಕ್ ಅಳತೆಗೋಲು ಹೊಂದುವುದೇ ಎಂದು ಕೇಳಿದವರೂ ಇದ್ದರು.

ಅಶ್ವತ್ಥಾಮನ್

ಮೊದಲ ನಾಟಕದಲ್ಲಿ ರನ್ನನ ಆಸರೆಯಿತ್ತು. 1929ರ 'ಅಶ್ವತ್ಥಾಮನ್'ಗೆ ಅದೂ ಇರಲಿಲ್ಲ. ಇದರ ಮೂಲ ಸೊಫೊಕ್ಲಿಸನ 'ಅಯಾಸ್' ಅಥವಾ 'ಏಜಾಕ್ಸ್'. ಅಕಿಲಿಸನ ಆಯುಧಗಳು ತನಗೆ ಸಿಗದೆ ಒಡಿಸ್ಯೂಸನ ಪಾಲಾದಾಗ ಅವಮಾನಗೊಂಡ ಏಜಾಕ್ಸ್, ಗ್ರೀಕ್ ನಾಯಕರನ್ನು ರಾತ್ರಿಯಲ್ಲಿ ಕೊಲ್ಲಲು ಹೊರಡುತ್ತಾನೆ. ದೇವತೆ ಅಥೀನಾ ಕವಿಸಿದ ಭ್ರಾಂತಿಯಲ್ಲಿ ದನಕುರಿಗಳ ಹಿಂಡನ್ನು ಶತ್ರುಗಳೆಂದು ತರಿದು ಹಾಕುತ್ತಾನೆ. ಭ್ರಾಂತಿ ಇಳಿದ ಮೇಲೆ ನಾಚಿಕೆಯನ್ನು ತಾಳಲಾರದೆ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ. ಅವನ ಶವಕ್ಕೆ ಸಂಸ್ಕಾರ ಸಲ್ಲಬೇಕೆ ಎಂಬ ಜಗಳ ಉಳಿದ ಭಾಗವನ್ನು ತುಂಬುತ್ತದೆ.

ರಾತ್ರಿಯ ಕೊಲೆ, ತಣಿಯದ ರೋಷ, ವೀರನಿಗೆ ಒದಗಿದ ಅಪಕೀರ್ತಿ: ಇವು ಮಹಾಭಾರತದ ಸೌಪ್ತಿಕ ಪರ್ವವನ್ನು ನೆನಪಿಸುತ್ತವೆ. ಬಿ. ಎಂ. ಶ್ರೀ ಅವರು ಏಜಾಕ್ಸನ ಸ್ಥಾನದಲ್ಲಿ ದ್ರೋಣನ ಮಗನನ್ನು ನಿಲ್ಲಿಸಿದರು. ಹೆಂಡತಿಯ ಸ್ಥಾನಕ್ಕೆ ಭಾರ್ಗವಿಯೆಂಬ ಪಾತ್ರ ಬಂತು. ಶವದ ಗೌರವಕ್ಕಾಗಿ ನಿಲ್ಲುವ ತಮ್ಮನ ಸ್ಥಾನದಲ್ಲಿ ಏಕಲವ್ಯ ಬಂದ. ಮಹಾಭಾರತದ ಪ್ರಕಾರ ಏಕಲವ್ಯ ಯುದ್ಧಕ್ಕೆ ಮೊದಲೇ ಕೃಷ್ಣನಿಂದ ಹತನಾದವನು. ಆದರೂ ದ್ರೋಣನಿಗೆ ಬೆರಳು ಕೊಟ್ಟವನೇ ದ್ರೋಣನ ಮಗನ ಹೆಣವನ್ನು ಕಾಯುವ ಕಲ್ಪನೆ ನಾಟಕದ ಅತ್ಯಂತ ಬಲವಾದ ಅಂಶಗಳಲ್ಲೊಂದು. ಗ್ರೀಕ್ ನಾಟಕದ ಗಾಯಕವೃಂದಕ್ಕೆ ಮೇಳ ಎಂಬ ನಮ್ಮ ರಂಗಭೂಮಿಯ ಮಾತನ್ನೇ ಬಳಸಲಾಗಿದೆ.

ವಿವಾದಕ್ಕೆ ಕಾರಣವಾದುದು ಅಶ್ವತ್ಥಾಮನ ಸಾವು. ಭಾರತದಲ್ಲಿ ಅವನು ಸಾಯುವುದಿಲ್ಲ. ತಲೆಯ ಮಣಿಯನ್ನು ಕಳೆದುಕೊಂಡು, ಕೃಷ್ಣನ ಶಾಪದಿಂದ ಮೂರು ಸಾವಿರ ವರ್ಷ ಅಲೆಯಬೇಕಾದವನು. ಪರಂಪರೆ ಅವನನ್ನು ಏಳು ಮಂದಿ ಚಿರಂಜೀವಿಗಳಲ್ಲಿ ಒಬ್ಬನೆಂದು ಎಣಿಸುತ್ತದೆ. ಅಂಥವನನ್ನು ಆತ್ಮಹತ್ಯೆಗೆ ಒಯ್ಯುವುದು ಸಾಧಾರಣ ಬದಲಾವಣೆಯಲ್ಲ. ಸಾವಿಲ್ಲದಿರುವುದೇ ಅವನ ಶಿಕ್ಷೆ, ಅದನ್ನು ತೆಗೆದರೆ ಪಾತ್ರದ ತಿರುಳೇ ಹೋಯಿತು ಎಂಬುದು ವಿರೋಧಿಗಳ ಅತ್ಯಂತ ಗಟ್ಟಿಯಾದ ವಾದ. ಇದು ಕೇವಲ ಮಡಿವಂತಿಕೆಯಿಂದ ಹುಟ್ಟಿದ ಆಕ್ಷೇಪವಲ್ಲ. ಕಲೆಯ ದೃಷ್ಟಿಯಿಂದಲೂ ಯೋಚಿಸತಕ್ಕದ್ದು. ಕೊನೆಯಿಲ್ಲದ ಅಲೆದಾಟ ಸಾವಿಗಿಂತ ಘೋರವಾದ ದುರಂತವೆಂದು ಹೇಳಲು ಸಾಧ್ಯವಿದೆ.

ನಾಟಕದ ಪರವಾಗಿದ್ದವರು ಪಂಪನನ್ನು ಮುಂದೆ ತರಬಹುದಿತ್ತು. ಕ್ರಿ.ಶ. 941ರ 'ವಿಕ್ರಮಾರ್ಜುನ ವಿಜಯ'ದಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ವ್ಯಾಸನ ಕಥೆಯ ನಡುಗಂಬವನ್ನೇ ಸರಿಸಿದ ಕವಿಯನ್ನು ಆದಿಕವಿಯೆಂದು ಗೌರವಿಸುವ ಭಾಷೆಯಲ್ಲಿ ಹೊಸಬನಿಗೆ ಮಾತ್ರ ಕಟ್ಟುಪಾಡೇಕೆ ಎಂಬ ಪ್ರಶ್ನೆಗೆ ಉತ್ತರ ಸುಲಭವಲ್ಲ. ಇಲ್ಲಿ ಒಂದು ವ್ಯತ್ಯಾಸವನ್ನೂ ಮರೆಯುವಂತಿಲ್ಲ. ಪಂಪ ಬದಲಿಸಿದ್ದು ತನ್ನ ದೊರೆಯನ್ನು ಅರ್ಜುನನಲ್ಲಿ ಕಾಣಿಸಲು, ಬಿ. ಎಂ. ಶ್ರೀ ಬದಲಿಸಿದ್ದು ಪರದೇಶದ ಒಂದು ಕಥೆಯ ಅಚ್ಚಿಗೆ ನಮ್ಮ ವೀರನನ್ನು ಹೊಂದಿಸಲು. ಹಳಗನ್ನಡದ ಛಾಯೆ ದಟ್ಟವಾಗಿರುವ ಭಾಷೆಯ ಬಿಗಿ ಮತ್ತು ಮೇಳದ ಹಾಡುಗಳ ಗಾಂಭೀರ್ಯ ಮಾತ್ರ ನಾಟಕದ ನಿಜವಾದ ಗೆಲುವು.

1935ರಲ್ಲಿ ಬಂದ 'ಪಾರಸಿಕರು' ಈಸ್ಕಿಲಸನ ನಾಟಕದ ಅನುವಾದ. ಇದು ಪುರಾಣಕ್ಕೆ ಕೈಹಾಕದ ಕಾರಣ ಗದ್ದಲವೆಬ್ಬಿಸಲಿಲ್ಲ. ಆದರೆ ಇಲ್ಲಿಯೂ ರಂಗದ ಮೇಲಿರುವವರು ಸೋತವರೇ.

ವಾದದ ಮುಂದುವರಿಕೆ

1944ರಲ್ಲಿ ಕುವೆಂಪು ಅವರ 'ಶೂದ್ರ ತಪಸ್ವಿ' ಪ್ರಕಟವಾದಾಗ ಇದೇ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗಿ ಮರಳಿತು. ಶಂಬೂಕನ ಪ್ರಸಂಗವನ್ನು ಬದಲಿಸಿದ್ದನ್ನು ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರು ಒಪ್ಪಲಿಲ್ಲ. ಕುವೆಂಪು ಪಟ್ಟು ಬಿಡಲಿಲ್ಲ. ಗುರು ಏಕಲವ್ಯನನ್ನು ಗ್ರೀಕ್ ಕಥೆಯೊಳಗೆ ಕರೆತಂದರೆ, ಶಿಷ್ಯ 'ಬೆರಳ್‌ಗೆ ಕೊರಳ್' ನಾಟಕದಲ್ಲಿ ಅವನ ಕಥೆಯನ್ನೇ ಹೊಸದಾಗಿ ಕಟ್ಟಿದರು.

ವಿದ್ವಾಂಸರ ವಾದಕ್ಕೆ ಸಂಬಂಧವಿಲ್ಲದೆ ಹಳ್ಳಿಯ ರಂಗಭೂಮಿ ದುರ್ಯೋಧನನನ್ನು ತನ್ನದಾಗಿಸಿಕೊಂಡಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ಬಿ. ಎಂ. ಶ್ರೀ ಹುಟ್ಟಿದ ಸೀಮೆಯಲ್ಲಿ, ಅಂದರೆ ತುಮಕೂರು, ಗುಬ್ಬಿ, ಕುಣಿಗಲ್ ಸುತ್ತಿನ ಊರುಗಳಲ್ಲಿ, ಹವ್ಯಾಸಿ ತಂಡಗಳು ಆಡುವ 'ಕುರುಕ್ಷೇತ್ರ' ನಾಟಕ ಇಂದಿಗೂ ಜನಪ್ರಿಯ. ಹಾರ್ಮೋನಿಯಂ ಮೇಷ್ಟ್ರ ಬಳಿ ತಿಂಗಳುಗಟ್ಟಲೆ ಕಲಿಯುವ ಪಾತ್ರಧಾರಿಗಳು ತಾವೇ ಹಣ ಹಾಕಿ ಪಾತ್ರ ಪಡೆಯುತ್ತಾರೆ. ಕೃಷ್ಣ ಮತ್ತು ದುರ್ಯೋಧನರ ಪಾತ್ರಗಳಿಗೆ ಬೇಡಿಕೆ ಹೆಚ್ಚು. ಗುಬ್ಬಿ ವೀರಣ್ಣನವರ ಕಂಪನಿ 1930ರ ದಶಕದಲ್ಲಿ 'ಕುರುಕ್ಷೇತ್ರ'ವನ್ನು ಆನೆ ಕುದುರೆಗಳನ್ನು ರಂಗಕ್ಕೆ ತಂದು ಆಡಿತು. ದುರ್ಯೋಧನನ ಠೀವಿಗೆ ಚಪ್ಪಾಳೆ ತಟ್ಟುವ ಪ್ರೇಕ್ಷಕ ಅವನ ಅಧರ್ಮವನ್ನು ಒಪ್ಪಿದನೆಂದು ಯಾರೂ ಭಾವಿಸುವುದಿಲ್ಲ. ಅಚ್ಚಿನ ಪುಸ್ತಕಕ್ಕೆ ಈ ಸಲುಗೆ ದೊರೆಯಲಿಲ್ಲ.

ಕೊನೆಯ ವರ್ಷಗಳು

1943ರಲ್ಲಿ ಸ್ವಂತ ಕವಿತೆಗಳ ಸಂಕಲನ 'ಹೊಂಗನಸುಗಳು' ಪ್ರಕಟವಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟಿನ ಸಂಪಾದಕತ್ವದ ಹೊಣೆಯನ್ನೂ ಅವರು ಹೊತ್ತಿದ್ದರು. ನಿವೃತ್ತಿಯ ನಂತರ ಧಾರವಾಡದ ಕಾಲೇಜೊಂದರ ಪ್ರಿನ್ಸಿಪಾಲರಾಗಿ ಹೋದರು. 1946ರ ಜನವರಿ 5ರಂದು, ಅರವತ್ತೆರಡು ತುಂಬಿದ ಎರಡು ದಿನಗಳಿಗೆ, ಅಲ್ಲಿಯೇ ನಿಧನರಾದರು. 'ಕನ್ನಡ ಮಾತು ತಲೆಯೆತ್ತುವ ಬಗೆ'ಯನ್ನು ಮೊದಲು ಆಡಿದ ಊರೂ ಅದೇ.

ಅವರ ಬರಹಗಳು 'ಶ್ರೀ ಸಾಹಿತ್ಯ' ಎಂಬ ಹೆಸರಿನಲ್ಲಿ ಒಟ್ಟಾಗಿ ಪ್ರಕಟವಾಗಿವೆ. ಎಂ. ವಿ. ಸೀತಾರಾಮಯ್ಯ ಅವರ ಪ್ರಯತ್ನದಿಂದ ಬೆಂಗಳೂರಿನಲ್ಲಿ ಸ್ಥಾಪನೆಯಾದ ಬಿ. ಎಂ. ಶ್ರೀ ಸ್ಮಾರಕ ಪ್ರತಿಷ್ಠಾನ ಹಸ್ತಪ್ರತಿ ಸಂರಕ್ಷಣೆ, ಸಂಶೋಧನೆ ಮತ್ತು ಗ್ರಂಥಪ್ರಕಟಣೆಯ ಕೆಲಸಗಳನ್ನು ನಡೆಸುತ್ತಿದೆ.