ಮತ ನಿರಾಕರಣೆಯ ನೀತಿ ಮತ್ತು ಸರ್ ಸಿದ್ದಪ್ಪ ಕಂಬಳಿ

ಮುಂಬಯಿ ಕರ್ನಾಟಕದ ರಾಜಕೀಯ ಚರಿತ್ರೆಯನ್ನು ಬಹುಮಟ್ಟಿಗೆ ಅಸಹಕಾರದ ಚರಿತ್ರೆಯಾಗಿಯೇ ನಿರೂಪಿಸುತ್ತ ಬರಲಾಗಿದೆ. ವಕೀಲಿ ತೊರೆದವರು, ಶಾಲೆ ಬಿಟ್ಟವರು, ಸೆರೆಮನೆ ಸೇರಿದವರು ಅದರ ನಾಯಕರು. ಶಾಸನಸಭೆಗಳ ಒಳಗೆ ಕುಳಿತು ದುಡಿದವರಿಗೆ ಅಲ್ಲಿ ದೊರೆತ ಸ್ಥಳ ಕಡಿಮೆ. ಅಂಥವರಲ್ಲಿ ಪ್ರಮುಖರು ಹುಬ್ಬಳ್ಳಿಯ ಸಿದ್ದಪ್ಪ ತೋಟಪ್ಪ ಕಂಬಳಿಯವರು (1882-1959). ನಂಬಿಕೆಯಿಲ್ಲದ ವ್ಯವಸ್ಥೆಗೂ ನಂಬಿಕೆಯಿಲ್ಲದ ಅಭ್ಯರ್ಥಿಗೂ ಮತ ನೀಡದಿರುವುದು ನ್ಯಾಯವೇ ಎಂಬ ಪ್ರಶ್ನೆಯನ್ನು ಅವರ ಬದುಕು ಬೇರೊಂದು ದಿಕ್ಕಿನಿಂದ ಎದುರಿಸುತ್ತದೆ.

ಲಿಂಗಾಯತ ಮನೆತನದಲ್ಲಿ ಹುಟ್ಟಿದ ಕಂಬಳಿಯವರು ಕಾನೂನು ಕಲಿತು ಹುಬ್ಬಳ್ಳಿಯಲ್ಲಿ ವಕೀಲಿ ನಡೆಸಿದರು. ಮುಂಬಯಿ ಕರ್ನಾಟಕದ ಬ್ರಾಹ್ಮಣೇತರ ಚಳವಳಿಯ ಮುಂದಾಳುಗಳಲ್ಲಿ ಒಬ್ಬರಾದರು. 1920ರ ಜುಲೈಯಲ್ಲಿ ಕೊಲ್ಹಾಪುರದ ಶಾಹೂ ಮಹಾರಾಜರ ಅಧ್ಯಕ್ಷತೆಯಲ್ಲಿ ಬ್ರಾಹ್ಮಣೇತರರ ಪರಿಷತ್ತು ನಡೆದುದು ಹುಬ್ಬಳ್ಳಿಯಲ್ಲಿಯೇ. ಅದಾದ ಎರಡು ತಿಂಗಳೊಳಗೆ, ಸೆಪ್ಟೆಂಬರಿನ ಕಲಕತ್ತಾ ವಿಶೇಷ ಅಧಿವೇಶನದಲ್ಲಿ, ಕಾಂಗ್ರೆಸ್ಸು ಶಾಸನಸಭೆಗಳ ಬಹಿಷ್ಕಾರವನ್ನು ಅಂಗೀಕರಿಸಿತು. ಅಭ್ಯರ್ಥಿಗಳು ಹಿಂದೆ ಸರಿಯಬೇಕು, ಮತದಾರರು ಮತಗಟ್ಟೆಗೆ ಹೋಗಬಾರದು ಎಂಬುದು ಅದರ ತಾತ್ಪರ್ಯ. ಹೀಗೆ ಒಂದೇ ವರ್ಷದಲ್ಲಿ ಎರಡು ಅಪನಂಬಿಕೆಗಳು ಈ ಪ್ರದೇಶದಲ್ಲಿ ಎದುರುಬದುರಾದವು. ರಾಷ್ಟ್ರೀಯವಾದಿಗಳಿಗೆ 1919ರ ಕಾಯ್ದೆಯ ಸಭೆಗಳಲ್ಲಿ ನಂಬಿಕೆಯಿರಲಿಲ್ಲ. ಬ್ರಾಹ್ಮಣೇತರ ಮುಖಂಡರಿಗೆ ಆ ಸಭೆಗಳನ್ನು ಬಿಡಿರೆಂದು ಹೇಳುತ್ತಿದ್ದ ನಾಯಕತ್ವದಲ್ಲಿಯೇ ನಂಬಿಕೆಯಿರಲಿಲ್ಲ.

ಬಹಿಷ್ಕಾರದ ಹಿಂದಿದ್ದ ನೈತಿಕ ತರ್ಕ ದುರ್ಬಲವಾದುದಲ್ಲ. ಮತವೆಂಬುದು ಸಮ್ಮತಿ, ಪರಕೀಯ ಪ್ರಭುತ್ವದ ಅರೆಮನಸ್ಸಿನ ಕೊಡುಗೆಗೆ ಸಮ್ಮತಿ ಕೊಟ್ಟವನು ಆ ಪ್ರಭುತ್ವದ ಪಾಲುದಾರನಾಗುತ್ತಾನೆ. ಆದರೆ ಅಂದಿನ ಮತಾಧಿಕಾರ ಭೂಕಂದಾಯ, ಮನೆ, ಆದಾಯತೆರಿಗೆಗಳ ಅರ್ಹತೆಗೆ ಕಟ್ಟುಬಿದ್ದಿತ್ತು. ಮುಂಬಯಿ ಪ್ರಾಂತದ ಸ್ತ್ರೀಯರಿಗೆ ಮತದ ಹಕ್ಕು ದೊರೆಯಲು ಶಾಸನ ಪರಿಷತ್ತಿನ 1921ರ ನಿರ್ಣಯವೇ ಬೇಕಾಯಿತು. ಇದ್ದ ಮತವನ್ನು ತಡೆಹಿಡಿಯುವುದು ತ್ಯಾಗವಾಗಬಲ್ಲದು. ಮತವೇ ಇಲ್ಲದವನ ಪಾಲಿಗೆ ಆ ತ್ಯಾಗದ ಅರ್ಥವೇನು? ಬಹಿಷ್ಕಾರದ ನಡುವೆಯೂ ದೇಶದ ಬಹುತೇಕ ಎಲ್ಲ ಸ್ಥಾನಗಳು ಭರ್ತಿಯಾದವು. ಮತದಾರರು ದೂರ ಉಳಿದರೂ ಕುರ್ಚಿಗಳು ಬರಿದಾಗಲಿಲ್ಲ. ಅವುಗಳಲ್ಲಿ ಯಾರು ಕೂರಬೇಕೆಂಬುದನ್ನು ಇನ್ನೂ ಕೆಲವೇ ಜನ ನಿರ್ಧರಿಸಿದರು.

ಕಂಬಳಿಯವರು ಶಾಸನ ಪರಿಷತ್ತನ್ನು ಪ್ರವೇಶಿಸಿದರು. ಇದನ್ನು ಸರಕಾರದ ಓಲೈಕೆಯೆಂದು ಎಣಿಸಿದವರುಂಟು. ಆದರೆ 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಜರುಗಿದಾಗ, ಅದೇ ಸಂದರ್ಭದಲ್ಲಿ ಅಲ್ಲಿ ಸೇರಿದ ಮೊದಲ ಕರ್ನಾಟಕ ಏಕೀಕರಣ ಪರಿಷತ್ತಿನ ಅಧ್ಯಕ್ಷತೆಯನ್ನು ವಹಿಸಿದವರು ಕಂಬಳಿಯವರೇ. ಕಾಂಗ್ರೆಸ್ಸಿನ ಹಾದಿಯನ್ನು ಒಪ್ಪದವರೂ ನಾಡಿನ ಕಾರ್ಯದಲ್ಲಿ ಒಂದೇ ಊರಿನಲ್ಲಿ ಕೂಡಿದ ಈ ಪ್ರಸಂಗ ಗಮನಾರ್ಹವಾದುದು. ಸ್ವರಾಜ್ಯ ಪಕ್ಷದವರು ಶಾಸನಸಭೆಗಳಲ್ಲಿ ಕಾಂಗ್ರೆಸ್ಸಿನ ಪರವಾಗಿಯೇ ಕೆಲಸ ಮಾಡಬಹುದೆಂಬ ಒಪ್ಪಂದಕ್ಕೆ ಮನ್ನಣೆ ದೊರೆತುದೂ ಆ ಅಧಿವೇಶನದಲ್ಲಿಯೇ. ನಾಲ್ಕು ವರ್ಷಗಳ ಹಿಂದೆ ನಿಷಿದ್ಧವಾಗಿದ್ದುದು ಈಗ ಕಾರ್ಯಕ್ರಮದ ಒಂದು ಅಂಗವಾಯಿತು.

1930ರ ದಶಕದಲ್ಲಿ ಕಂಬಳಿಯವರು ಮುಂಬಯಿ ಸರಕಾರದ ಮಂತ್ರಿಯಾದರು. ಶಿಕ್ಷಣ ಖಾತೆಯನ್ನೂ ನಿರ್ವಹಿಸಿದರು. ಅವರ ನಿಲುವಿಗೆ ಕಠಿಣ ಪರೀಕ್ಷೆ ಒದಗಿದುದು 1937ರಲ್ಲಿ. ಆ ವರ್ಷದ ಚುನಾವಣೆಯಲ್ಲಿ ಕಾಂಗ್ರೆಸ್ಸು ಮುಂಬಯಿ ವಿಧಾನಸಭೆಯ 175 ಸ್ಥಾನಗಳಲ್ಲಿ 86ನ್ನು ಗೆದ್ದಿತು. ಆದರೆ ಗವರ್ನರರ ವಿಶೇಷಾಧಿಕಾರಗಳ ಬಗೆಗೆ ಭರವಸೆ ದೊರೆಯದ ಹೊರತು ಅಧಿಕಾರ ಸ್ವೀಕರಿಸಲು ಒಪ್ಪಲಿಲ್ಲ. ಏಪ್ರಿಲಿನಲ್ಲಿ ಧನಜಿಶಾ ಕೂಪರರ ಅಲ್ಪಮತದ ಮಧ್ಯಂತರ ಮಂತ್ರಿಮಂಡಲ ರಚನೆಯಾಯಿತು. ಕಂಬಳಿಯವರು ಅದರಲ್ಲಿ ಮಂತ್ರಿಯಾದರು. ಜುಲೈಯಲ್ಲಿ ಆ ಮಂಡಲ ಹೋಗಿ ಬಿ.ಜಿ. ಖೇರರ ಕಾಂಗ್ರೆಸ್ ಸರಕಾರ ಬಂದಿತು. ಮತದಾರರ ಬೆಂಬಲವಿಲ್ಲದ ಸ್ಥಾನದಲ್ಲಿ ಕುಳಿತ ಈ ಮೂರು ತಿಂಗಳುಗಳನ್ನು ಕಂಬಳಿಯವರ ಪಾಲ್ಗೊಳ್ಳುವಿಕೆಯ ನೀತಿಯ ಮಿತಿಯೆಂದೇ ಗುರುತಿಸಬೇಕಾಗುತ್ತದೆ. 1920ರಲ್ಲಿ ಒಳಹೋಗುವುದಕ್ಕೆ ಇದ್ದ ಸಮರ್ಥನೆ 1937ರಲ್ಲಿ ಉಳಿದಿರಲಿಲ್ಲ.

ಈ ಎರಡು ನಿರಾಕರಣೆಗಳ ನಡುವಣ ಅಂತರದಲ್ಲಿಯೇ ಪ್ರಶ್ನೆಯ ತಿರುಳಿದೆ. 1920ರಲ್ಲಿ ಮತದಾರನೇ ಹಿಂದೆ ಸರಿದನು. ಅವನ ಮೌನದಲ್ಲಿ ಪ್ರತಿಭಟನೆಯೆಷ್ಟು, ಉದಾಸೀನವೆಷ್ಟು ಎಂಬುದನ್ನು ಬೇರ್ಪಡಿಸುವ ದಾರಿ ಇರಲಿಲ್ಲ. 1937ರಲ್ಲಿ ಮತದಾರನು ಮತ ನೀಡಿದನು, ಅವನ ಪ್ರತಿನಿಧಿ ಅಧಿಕಾರವನ್ನು ನಿರಾಕರಿಸಿದನು. ಎಣಿಕೆಗೆ ಸಿಕ್ಕ ಜನಬೆಂಬಲ ಬೆನ್ನಿಗಿದ್ದುದರಿಂದ ಆ ನಿರಾಕರಣೆಗೆ ತೂಕ ಬಂದಿತು. ಸರ್ವೋಚ್ಚ ನ್ಯಾಯಾಲಯದ 2013ರ ತೀರ್ಪಿನಿಂದ ಮತಯಂತ್ರದಲ್ಲಿ ಸ್ಥಾನ ಪಡೆದ ‘ಮೇಲಿನ ಯಾರೂ ಅಲ್ಲ’ ಎಂಬ ಆಯ್ಕೆ ನಿರಾಕರಣೆಯನ್ನು ಎಣಿಕೆಗೆ ತಂದಿತು. ಫಲಿತಾಂಶವನ್ನು ಬದಲಿಸುವ ಶಕ್ತಿಯನ್ನು ಅದಕ್ಕೆ ಕೊಡಲಿಲ್ಲ. ಉಳಿದವರಲ್ಲಿ ಹೆಚ್ಚು ಮತ ಪಡೆದವನೇ ಇಂದಿಗೂ ಗೆಲ್ಲುತ್ತಾನೆ.

ಏಕೀಕೃತ ಕನ್ನಡ ರಾಜ್ಯ 1956ರಲ್ಲಿ ರೂಪುಗೊಂಡುದನ್ನು ಕಂಡು, 1959ರಲ್ಲಿ ಕಂಬಳಿಯವರು ನಿಧನರಾದರು. ಅಪನಂಬಿಕೆಯೊಂದೇ ಮತ ತಡೆಹಿಡಿಯಲು ಸಾಲದು, ತಡೆಹಿಡಿದ ಮತದ ಫಲವನ್ನು ಯಾರು ಉಣ್ಣುತ್ತಾರೆ, ಯಾರು ತೆರುತ್ತಾರೆ ಎಂಬುದನ್ನೂ ವಿಚಾರಿಸಬೇಕು ಎಂಬುದನ್ನು ಅವರ ಸಾರ್ವಜನಿಕ ಜೀವನ, ತನ್ನ ಸಾಧನೆ ಮತ್ತು ಮಿತಿ ಎರಡರಿಂದಲೂ, ಸ್ಪಷ್ಟಪಡಿಸುತ್ತದೆ.