ಮುಳುವಾದ ಸತ್ಕಾರ

ನಿಕೊಲಾ ಫೂಕೆ 1615ರಲ್ಲಿ ಪ್ಯಾರಿಸ್ ನಗರದಲ್ಲಿ ಜನಿಸಿದನು. ನ್ಯಾಯಶಾಸ್ತ್ರವನ್ನು ಅಭ್ಯಾಸ ಮಾಡಿ ರಾಜಸೇವೆಗೆ ಸೇರಿದ ಅವನು ಬುದ್ಧಿಬಲದಿಂದ ಮೇಲೇರಿ, 1653ರಲ್ಲಿ ಫ್ರಾನ್ಸ್ ದೇಶದ ಹಣಕಾಸಿನ ಹೊಣೆಯನ್ನು ವಹಿಸಿಕೊಂಡನು. ಯುದ್ಧಗಳಿಂದ ಬೊಕ್ಕಸ ಬರಿದಾಗಿದ್ದ ಕಾಲವದು. ಫೂಕೆ ತನ್ನ ಹೆಸರಿನ ಮೇಲೆ ಸಾಲ ತಂದು ರಾಜ್ಯದ ವೆಚ್ಚವನ್ನು ತೂಗಿಸಿದನು. ಆದರೆ ರಾಜ್ಯದ ಹಣ ಯಾವುದು, ತನ್ನ ಹಣ ಯಾವುದು ಎಂಬ ಗೆರೆ ಕ್ರಮೇಣ ಅಳಿಸಿಹೋಯಿತು.

ಪ್ಯಾರಿಸಿನ ಆಗ್ನೇಯಕ್ಕೆ ಸುಮಾರು 50 ಕಿಲೋಮೀಟರು ದೂರದ ವೋ ಎಂಬ ಹಳ್ಳಿಯಲ್ಲಿ ಅವನು ಭವ್ಯವಾದ ಸೌಧವನ್ನು ಕಟ್ಟಿಸಿದನು. ಲೆ ವೋ ಅದರ ಶಿಲ್ಪಿ. ಲೆ ಬ್ರನ್ ಚಿತ್ರಕಾರ. ಉದ್ಯಾನವನ್ನು ರಚಿಸಿದವನು ಲೆ ನೋತ್ರ್. ಉದ್ಯಾನಕ್ಕಾಗಿ ಹಳ್ಳಿಯ ಮನೆಗಳು ನೆಲಸಮವಾದವು, ಹೊಳೆಯು ಕಾಲುವೆಯಾಯಿತು.

1661ರ ಆಗಸ್ಟ್ 17ರಂದು ದೊರೆ ಹದಿನಾಲ್ಕನೆಯ ಲೂಯಿ ಅಲ್ಲಿಗೆ ದಯಮಾಡಿಸಿದನು. ಆಗ ಅವನಿಗೆ ಇಪ್ಪತ್ತೆರಡು ವರ್ಷ. ದೊಡ್ಡ ಮನೆಗಳಲ್ಲಿ ದೊರೆಗೆಂದೇ ಶಯನಗೃಹವನ್ನು ಮೀಸಲಿಡುವುದು ಆ ಕಾಲದ ಸಂಪ್ರದಾಯ. ಫೂಕೆಯೂ ಹಾಗೆಯೇ ಮಾಡಿದ್ದನು. ಔತಣ, ಕಾರಂಜಿಗಳ ವಿಲಾಸ, ಮೋಲಿಯೇರನ ಹೊಸ ನಾಟಕ, ಬಾಣಬಿರುಸು - ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ದೊರೆಯನ್ನು ಸತ್ಕರಿಸಬೇಕು, ವೈಭವದಲ್ಲಿ ಅವನನ್ನು ಮೀರಬಾರದು ಎಂಬ ಸೂಕ್ಷ್ಮವನ್ನು ಫೂಕೆ ಮರೆತಿದ್ದನು. ಲೂಯಿ ಆ ಶಯನಗೃಹದಲ್ಲಿ ತಂಗದೆ ಅದೇ ರಾತ್ರಿ ಫೊಂತೆನ್‌ಬ್ಲೋ ಅರಮನೆಗೆ ಮರಳಿದನು.

ಸೆಪ್ಟೆಂಬರ್ 5ರಂದು ನಾಂತ್ ನಗರದಲ್ಲಿ ಫೂಕೆ ಸೆರೆಯಾದನು. ಆ ಒಂದು ಔತಣವೇ ಅವನನ್ನು ಕೆಡಿಸಿತೆಂದು ಜನ ಹೇಳುವುದುಂಟು. ವಾಸ್ತವವಾಗಿ, ಪ್ರತಿಸ್ಪರ್ಧಿಯಾದ ಕೋಲ್ಬೇರನ ದೂರುಗಳನ್ನು ಕೇಳಿದ್ದ ದೊರೆ ಮೊದಲೇ ಆ ನಿರ್ಧಾರಕ್ಕೆ ಬಂದಿದ್ದನು. ಔತಣವು ಅವನ ಸಂಶಯವನ್ನು ಬಲಪಡಿಸಿತು, ಅಷ್ಟೆ.

ತೆರಿಗೆಯ ಭಾರದಿಂದ ನೊಂದಿದ್ದ ಜನರು ಮೊದಲು ಅವನನ್ನು ಶಪಿಸಿದರು. ಮೂರು ವರ್ಷಗಳ ವಿಚಾರಣೆಯಲ್ಲಿ ಅವನು ಧೈರ್ಯದಿಂದ ತನ್ನನ್ನು ಸಮರ್ಥಿಸಿಕೊಂಡಾಗ, ವಿಚಾರಣೆ ನ್ಯಾಯಸಮ್ಮತವಲ್ಲವೆಂದರಿತು ಮರುಗಿದರು. ಕವಿ ಲಾ ಫೊಂತೇನ್ ಅವನ ಪರವಾಗಿ ದೊರೆಯನ್ನು ಬೇಡಿಕೊಂಡನು. 1664ರಲ್ಲಿ ಒಂಬತ್ತು ನ್ಯಾಯಾಧೀಶರು ಮರಣದಂಡನೆಯನ್ನೂ ಹದಿಮೂವರು ಗಡೀಪಾರನ್ನೂ ವಿಧಿಸಿದರು. ದೊರೆ ಗಡೀಪಾರನ್ನು ಕಡಿಮೆ ಮಾಡುವುದರ ಬದಲು ಆಜೀವ ಸೆರೆವಾಸವಾಗಿ ಮಾರ್ಪಡಿಸಿದನು. 1680ರಲ್ಲಿ ಆಲ್ಪ್ಸ್ ಪರ್ವತದ ಪಿನ್ಯೆರೋಲ್ ಕೋಟೆಯ ಸೆರೆಯಲ್ಲಿಯೇ ಫೂಕೆ ಕಣ್ಮುಚ್ಚಿದನು.

ವೋ ಸೌಧವನ್ನು ನಿರ್ಮಿಸಿದ ಆ ಮೂವರು ಕಲಾವಿದರನ್ನೇ ಲೂಯಿ ವರ್ಸೇಲ್ಸ್ ಅರಮನೆಯ ಕೆಲಸಕ್ಕೆ ನೇಮಿಸಿದನು. ಒಡೆಯನನ್ನು ದಂಡಿಸಿದ ದೊರೆ ಅವನ ಅಭಿರುಚಿಯನ್ನು ಮಾತ್ರ ತನ್ನದಾಗಿಸಿಕೊಂಡನು.