ಅಂಗಸಾಧಕ ಕೆ. ವಿ. ಅಯ್ಯರ್

ಐನಾಪುರದ ಕಡೆಯ ನನ್ನ ಸಹಪಾಠಿಯೊಬ್ಬನು ಕುಸ್ತಿಯ ಹುಚ್ಚಿನವನು. ಜಾತ್ರೆಯ ಕುಸ್ತಿಗಳಲ್ಲಿ ನಾಲ್ಕಾರು ಜೋಡಿ ಗೆದ್ದವನು. ಈ ವರ್ಷ ಮನೆಯಲ್ಲಿ ತೊಗರಿ ಮಾರಿ ಬಂದ ಹಣದಲ್ಲಿ ತಂದೆಯವರು ಅವನಿಗೆಂದು ಒಂದು ಪಾಲು ಕೊಟ್ಟರು. ಅದರಲ್ಲಿ ಕಬ್ಬಿಣದ ಬಾರ್‌ಬೆಲ್ಲು, ಡಂಬೆಲ್ಲು, ಜೊತೆಗೆ ಚಿತ್ರಗಳಿರುವ ಒಂದು ಪುಸ್ತಕ ಕೊಳ್ಳಬೇಕೆಂಬುದು ಅವನ ಆಸೆ. ಆದರೆ ಊರಿನ ತಾಲೀಮಿನ ವಸ್ತಾದರು ಅದಕ್ಕೆ ಸುತರಾಂ ಒಪ್ಪಲಿಲ್ಲ. ಕಬ್ಬಿಣ ಎತ್ತಿದವನ ಮೈ ಮರದಂತೆ ಬಿಗಿದು ಕುಸ್ತಿಗೆ ಬಾರದಂತಾಗುತ್ತದೆ, ದಂಡ ಬಸ್ಕಿಗಳನ್ನು ಬಿಟ್ಟರೆ ಪೈಲ್ವಾನನಿಗೆ ಬೇರೆ ದಾರಿಯಿಲ್ಲ ಎಂಬುದು ಅವರ ಖಚಿತ ಅಭಿಪ್ರಾಯ. ಹುಡುಗ ಹಣವನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಬಳಿಗೆ ಬಂದ. ನನಗೆ ಕುಸ್ತಿ ಬಾರದು. ಪುಸ್ತಕ ಓದುವ ಚಟ ಮಾತ್ರ ಉಂಟು. ಈ ಜಗಳ ಅವನದಷ್ಟೇ ಅಲ್ಲ, ನೂರು ವರ್ಷಗಳಷ್ಟು ಹಳೆಯದು, ಇದರ ನಡುವೆಯೇ ನಿಂತು ಬಾಳಿದ ಕನ್ನಡಿಗರೊಬ್ಬರು ಬೆಂಗಳೂರಿನಲ್ಲಿ ಇದ್ದರು ಎಂದು ಅವನಿಗೆ ಹೇಳಿದೆ. ಅವರ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕೋಲಾರದ ವೆಂಕಟೇಶ ಅಯ್ಯರ್, ಅಂದರೆ ಎಲ್ಲರ ಬಾಯಲ್ಲಿ ಕೆ. ವಿ. ಅಯ್ಯರ್, ಹುಟ್ಟಿದ್ದು 1897ರಲ್ಲಿ. ಅವರು ಬೆಳೆದ ಕಾಲ ಎಂಥದೆಂಬುದನ್ನು ಮೊದಲು ತಿಳಿಯಬೇಕು. ಯೂಜೀನ್ ಸ್ಯಾಂಡೋ ಎಂಬ ಯೂರೋಪಿನ ಬಲಶಾಲಿಯ ಹೆಸರು ಆಗ ಜಗತ್ತಿನಲ್ಲೆಲ್ಲ ಮೊಳಗುತ್ತಿತ್ತು. ಅವನು 1904-05ರಲ್ಲಿ ಭಾರತಕ್ಕೂ ಬಂದು ತನ್ನ ಪ್ರದರ್ಶನಗಳನ್ನು ನಡೆಸಿಹೋಗಿದ್ದ. ನಡುವೆ ಸೀಳಿ ಎರಡು ಹೋಳುಗಳ ಮಧ್ಯೆ ಸ್ಪ್ರಿಂಗು ಇಟ್ಟ ಹಗುರ ಡಂಬೆಲ್ಲೊಂದನ್ನು ಅವನು ತನ್ನ ಹೆಸರಿನಲ್ಲಿ ಮಾರುತ್ತಿದ್ದ. ಹಿಡಿದವನು ಅದನ್ನು ಬಿಗಿಯಾಗಿ ಅದುಮಿಕೊಂಡೇ ವ್ಯಾಯಾಮ ಮಾಡಬೇಕು. ಡೆನ್ಮಾರ್ಕಿನ ಮುಲ್ಲರ್ ಎಂಬವನು 1904ರಲ್ಲಿ ಇದಕ್ಕೆ ವಿರುದ್ಧವಾದ ಪುಸ್ತಕ ಬರೆದು, ಯಾವ ಸಲಕರಣೆಯೂ ಬೇಡ, ದಿನಕ್ಕೆ ಹದಿನೈದು ನಿಮಿಷ ಸಾಕು ಎಂದು ಸಾರಿದ. ಇಂಥ ಪುಸ್ತಕಗಳೂ ಪತ್ರಿಕೆಗಳೂ ಅಂಚೆಯ ಮೂಲಕ ಹಿಂದೂಸ್ಥಾನದ ಪಟ್ಟಣಗಳಿಗೆ ಬರುತ್ತಿದ್ದವು. ಓದುವ ತರುಣರು ಅವನ್ನು ನೋಡಿ ಮರುಳಾಗುತ್ತಿದ್ದರು. ವಾಚಕರು ಒಂದು ಮಾತನ್ನು ಗಮನಿಸಬೇಕು: ಆ ಪುಸ್ತಕಗಳಲ್ಲಿ ಹಲವು, ಬರೆದವನೇ ಮಾರುವ ಸಲಕರಣೆಗೆ ಹಾಕಿದ ಜಾಹೀರಾತುಗಳೂ ಆಗಿದ್ದವು. ಇಂದಿಗೂ ಪುಸ್ತಕ ಕೊಳ್ಳುವವನು ಮೊದಲು ನೋಡಬೇಕಾದದ್ದು, ಬರೆದವನು ಬೇರೆ ಏನನ್ನು ಮಾರುತ್ತಾನೆ ಎಂಬುದನ್ನು.

ಇತ್ತ ನಮ್ಮ ಗರಡಿಗಳಲ್ಲಿ ಪುಸ್ತಕವೇ ಇರಲಿಲ್ಲ. ವಸ್ತಾದರ ಕಣ್ಣೇ ಪುಸ್ತಕ. ಗದೆ, ಮುದ್ಗರ, ಎತ್ತುವ ಗುಂಡುಕಲ್ಲು, ಹತ್ತುವ ಹಗ್ಗ, ಮಲ್ಲಕಂಬ, ಅಗೆದು ಹದಮಾಡುವ ಕೆಮ್ಮಣ್ಣು, ಇವೇ ಸಲಕರಣೆಗಳು. ಇವು ಕೀಳಲ್ಲ. ಮುದ್ಗರವನ್ನು ಹೆಗಲ ಹಿಂದೆ ತಿರುಗಿಸುವಾಗ ಭುಜದ ಕೀಲು ಎಲ್ಲ ದಿಕ್ಕಿಗೂ ಬಲಗೊಳ್ಳುತ್ತದೆ. ಹಗ್ಗ ಹತ್ತುವುದರಿಂದ ಹಿಡಿತ ಬರುತ್ತದೆ. ಮಣ್ಣು ಅಗೆಯುವುದರಿಂದ ಸೊಂಟ ಗಟ್ಟಿಯಾಗುತ್ತದೆ. ಬ್ರಿಟಿಷ್ ಸೇನೆಯವರು ಈ ಮುದ್ಗರವನ್ನು ಇಲ್ಲಿಯೇ ನೋಡಿ, ಹತ್ತೊಂಬತ್ತನೆಯ ಶತಮಾನದಲ್ಲಿ ತಮ್ಮ ದೇಶಕ್ಕೆ ಕೊಂಡೊಯ್ದು ಕವಾಯತಿನಲ್ಲಿ ಸೇರಿಸಿಕೊಂಡರು. ದಂಡ ಬಸ್ಕಿಗಳಿಂದಲೇ ಬೆಳೆದ ಗಾಮಾ ಪೈಲ್ವಾನರು 1910ರಲ್ಲಿ ಲಂಡನ್ನಿಗೆ ಹೋಗಿ ಅಲ್ಲಿನ ಅತಿರಥರನ್ನು ಅಂಜಿಸಿದರು. ಅಂದು ಅವರೊಡನೆ ಸಮಬಲ ಸಾಧಿಸಿದ್ದ ಪೋಲೆಂಡಿನ ಜ್ಬಿಸ್ಕೋ 1928ರಲ್ಲಿ ಪಟಿಯಾಲಾಕ್ಕೆ ಬಂದಾಗ ಒಂದು ನಿಮಿಷವೂ ನಿಲ್ಲಲಾರದೆ ಬಿದ್ದ. ನಮ್ಮ ಊರಿನ ವಸ್ತಾದರ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಅಯ್ಯರ್ ಅವರು ಇವೆರಡರಲ್ಲಿ ಒಂದನ್ನು ಆರಿಸಿಕೊಂಡು ಇನ್ನೊಂದನ್ನು ತಳ್ಳಲಿಲ್ಲ. ಇದೇ ಅವರ ವಿಶೇಷ. ಮೊದಲು ಅವರು ತಮ್ಮ ದೇಹವನ್ನೇ ಪ್ರಯೋಗಶಾಲೆ ಮಾಡಿಕೊಂಡರು. ಕಬ್ಬಿಣದ ಭಾರ ಎತ್ತುವುದನ್ನು ಹಠಯೋಗದ ಆಸನಗಳೊಡನೆಯೂ ಸೂರ್ಯನಮಸ್ಕಾರದೊಡನೆಯೂ ಕೂಡಿಸಿದರು. 1920ರ ದಶಕದಲ್ಲಿ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಎಂಬ ಹೆಸರಿನ ವ್ಯಾಯಾಮಶಾಲೆ ತೆರೆದರು. ಅದರೊಡನೆಯೇ ಅಂಚೆಯ ಮೂಲಕ ಅಂಗಸಾಧನೆ ಕಲಿಸುವ ಶಾಲೆಯನ್ನೂ ನಡೆಸಿದರು. ನಮ್ಮ ಈ ಭಾಗ ಅಂದು ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತಾದರೂ ಶಹಾಬಾದ್, ವಾಡಿಗಳ ಮೇಲೆ ರೈಲು ಹಾಯುತ್ತಿತ್ತು. ಅದರಲ್ಲಿ ಬೆಂಗಳೂರಿನ ಪಾಠಗಳ ಲಕೋಟೆಯೊಂದು ಇತ್ತ ಇಳಿದಿತ್ತೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

1930ರಲ್ಲಿ 'ಮಸಲ್ ಕಲ್ಟ್' ಎಂಬ ಇಂಗ್ಲಿಷ್ ಪುಸ್ತಕ ಹೊರಬಂತು. ಗ್ರೀಕರ ಶಿಲ್ಪಗಳ ಭಂಗಿಯಲ್ಲಿ ನಿಂತ ಅಯ್ಯರ್ ಅವರ ಚಿತ್ರಗಳು ಅದರ ಆಕರ್ಷಣೆ. ಮೈಯೆಂದರೆ ಮುಚ್ಚಿಡಬೇಕಾದ ವಸ್ತುವೆಂದು ನಂಬಿದ್ದ ಸಮಾಜದಲ್ಲಿ, ಅದೂ ಸಂಪ್ರದಾಯಸ್ಥ ಬ್ರಾಹ್ಮಣ ಮನೆತನದಿಂದ ಬಂದವರು, ಹಾಗೆ ನಿಲ್ಲಲು ಎದೆಗಾರಿಕೆ ಬೇಕು. ಆದರೆ ಮೆಚ್ಚುಗೆಯ ಭರದಲ್ಲಿ ನಿಜವನ್ನು ಮರೆಯಬಾರದು. ಈ ಪುಸ್ತಕವೂ ಅವರ ಪಾಠಕ್ರಮಕ್ಕೆ ಬರೆದ ಮುನ್ನುಡಿಯೇ. ಓದಿದವನು ಮುಂದೆ ಹಣ ಕಟ್ಟಿ ಶಿಷ್ಯನಾಗಲಿ ಎಂಬ ಉದ್ದೇಶ ಅದರಲ್ಲಿ ಇತ್ತು. ಅವರ ಗುರಿ ಅಂಗಸೌಷ್ಠವವೇ ಹೊರತು ಎದುರಾಳಿಯನ್ನು ಕೆಡಹುವುದಲ್ಲ. ಕುಸ್ತಿಯವನಿಗೆ ಚಿತ್ರದಲ್ಲಿ ಕಾಣುವ ತೋಳಿಗಿಂತ ಚಿತ್ರದಲ್ಲಿ ಕಾಣದ ಕತ್ತು, ಹಿಡಿತ, ಸೊಂಟ, ಉಸಿರು ಹೆಚ್ಚು ಮುಖ್ಯ. ಆದ್ದರಿಂದ ಅವರ ಪುಸ್ತಕಗಳನ್ನು ಪೈಲ್ವಾನನು ವಿವೇಚನೆಯಿಂದ ಓದಬೇಕು.

ಹಾಗಾದರೆ ಓದಿ ಪ್ರಯೋಜನವೇನು? ಮೈ ಬಿಗಿಯುತ್ತದೆ ಎಂಬ ವಸ್ತಾದರ ಭಯಕ್ಕೆ ಅಯ್ಯರ್ ಅವರ ಜೀವನವೇ ಉತ್ತರ. ಅವರ ಸಂಗಡಿಗರಾದ ಸೀತಾರಾಮನ್ ಸುಂದರಂ 1928ರಲ್ಲಿ ಯೋಗವನ್ನು ಅಂಗಸಾಧನೆಯಾಗಿ ವಿವರಿಸುವ ಪುಸ್ತಕ ಬರೆದಿದ್ದರು. ಇಬ್ಬರೂ ಕೂಡಿ ವೇದಿಕೆಯ ಮೇಲೆ ಪ್ರದರ್ಶನ ಕೊಡುತ್ತಿದ್ದರು: ಒಬ್ಬರು ಆಸನಗಳನ್ನು, ಇನ್ನೊಬ್ಬರು ಮಾಂಸಖಂಡಗಳ ಮೇಲಿನ ಹತೋಟಿಯನ್ನು. ಸಾತಾರೆಯ ಕಡೆಯ ಔಂಧ ಸಂಸ್ಥಾನದ ಅರಸರ ಕಥೆ ಇದಕ್ಕೆ ಹೋಲಿಸತಕ್ಕದ್ದು. ಅವರು ಸ್ಯಾಂಡೋವಿನ ಸಲಕರಣೆ, ಪುಸ್ತಕಗಳನ್ನೆಲ್ಲ ತರಿಸಿ ಸುಮಾರು ಹತ್ತು ವರ್ಷ ಸಾಧನೆ ಮಾಡಿ, ಕೊನೆಗೆ ಅದನ್ನೆಲ್ಲ ಬಿಟ್ಟು ಸೂರ್ಯನಮಸ್ಕಾರವೊಂದನ್ನೇ ಹಿಡಿದು ಪ್ರಚಾರಮಾಡಿದರು. ಅಯ್ಯರ್ ಅವರೂ 1937ರಲ್ಲಿ ಸೂರ್ಯನಮಸ್ಕಾರದ ಮೇಲೆ ಪುಸ್ತಕ ಬರೆದರು; ಆದರೆ ಕಬ್ಬಿಣವನ್ನು ಬಿಡಲಿಲ್ಲ. ನನಗೆ ಅರಸರ ದಾರಿಗಿಂತ ಇವರ ದಾರಿಯೇ ಹೆಚ್ಚು ಸರಿಯೆನಿಸುತ್ತದೆ. ದಂಡ ಹೊಡೆಯುವವನು ತನ್ನ ಮೈಭಾರವನ್ನು ಮಾತ್ರ ಎತ್ತುತ್ತಾನೆ. ಬಲ ಬಂದಂತೆ ಎಣಿಕೆ ಹೆಚ್ಚುತ್ತದೆ, ಭಾರ ಹೆಚ್ಚುವುದಿಲ್ಲ. ಅದರಿಂದ ದಮ್ಮು ಬೆಳೆಯುತ್ತದೆ. ಬಿಲ್ಲೆಗಳನ್ನು ಸೇರಿಸಿ ತೆಗೆಯಬಹುದಾದ ಬಾರ್‌ಬೆಲ್ಲಿನಲ್ಲಿ ಭಾರವನ್ನೇ ಸ್ವಲ್ಪ ಸ್ವಲ್ಪವಾಗಿ ಏರಿಸಬಹುದು; ಅದರಿಂದ ಶಕ್ತಿ ಬೆಳೆಯುತ್ತದೆ. ಎರಡೂ ಬೇಕಾದವನಿಗೆ ಎರಡೂ ಬೇಕು. ಮೈ ಬಿಗಿಯುವುದು ಕಬ್ಬಿಣದಿಂದಲ್ಲ, ಭಾರ ಎತ್ತಿ ಕೀಲುಗಳನ್ನು ಪೂರ್ತಿ ಬಾಗಿಸದೆ, ಚಾಚದೆ ಬಿಡುವುದರಿಂದ.

ಅವಸರಪಟ್ಟರೆ ಏನಾಗುತ್ತದೆಂಬುದಕ್ಕೆ ಕರಾಟೆ ಕಲಿಯುವ ನಮ್ಮ ಗೆಳೆಯರ ಆರಾಧ್ಯನಾದ ಬ್ರೂಸ್ ಲೀಯೇ ನಿದರ್ಶನ. ಅವನ ಮನೆಯಲ್ಲಿ ವ್ಯಾಯಾಮದ ಪುಸ್ತಕಗಳಿಗೂ ಸಲಕರಣೆಗಳಿಗೂ ಕೊರತೆಯಿರಲಿಲ್ಲ. ಆದರೂ 1970ರಲ್ಲಿ ಹೆಗಲ ಮೇಲೆ ಬಾರ್‌ಬೆಲ್ಲು ಹೊತ್ತು ಮುಂದಕ್ಕೆ ಬಾಗುವ ವ್ಯಾಯಾಮ ಮಾಡುವಾಗ ಬೆನ್ನು ನೋಯಿಸಿಕೊಂಡು ತಿಂಗಳುಗಟ್ಟಲೆ ಹಾಸಿಗೆ ಹಿಡಿದ.

ಅಯ್ಯರ್ ಅವರ ಬಾಳಿನ ದೊಡ್ಡ ಪರೀಕ್ಷೆ ಬಂದದ್ದು ಮೈಸೂರಿನಿಂದ. ನಾಲ್ವಡಿ ಕೃಷ್ಣರಾಜ ಒಡೆಯರು ಪಾರ್ಶ್ವವಾಯುವಿಗೆ ತುತ್ತಾದರು. ಹರೆಯದ ಹುಡುಗರ ತೋಳು ತುಂಬಿಸುವುದು ಬೇರೆ, ಐವತ್ತು ದಾಟಿದ ದೊರೆಯ ಸೋತ ಅಂಗಕ್ಕೆ ಚಲನೆ ತರುವುದು ಬೇರೆ. ತಪ್ಪಿದರೆ ಅಪಕೀರ್ತಿ ಅವರೊಬ್ಬರದಲ್ಲ, ಅವರ ವಿದ್ಯೆಯದೇ ಆಗುತ್ತಿತ್ತು. ಇಲ್ಲಿ ಬಾರ್‌ಬೆಲ್ಲು ಮೂಲೆಗೆ ಸರಿಯಿತು. ಅಂಗಮರ್ದನ, ಮೃದುವಾದ ವ್ಯಾಯಾಮ, ತಾಳ್ಮೆ, ಇವೇ ಸಲಕರಣೆಗಳಾದವು. ಮಹಾರಾಜರು ಚೇತರಿಸಿಕೊಂಡರು. ಅಯ್ಯರ್ ಅವರಿಗೆ ರಾಜಾಶ್ರಯ ದೊರೆಯಿತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವರ ಶಿಷ್ಯರೊಬ್ಬರು ವ್ಯಾಯಾಮ ಕಲಿಸಿದರು. ಯೋಗಾಚಾರ್ಯ ಕೃಷ್ಣಮಾಚಾರ್ಯರ ಯೋಗಶಾಲೆಯೂ ಅದೇ ಅರಮನೆಯಲ್ಲಿ ನಡೆಯುತ್ತಿತ್ತು. ಮಹಾರಾಜರ ನೆರವಿನಿಂದ ಬೆಂಗಳೂರಿನ ಜೆ. ಸಿ. ರಸ್ತೆಯಲ್ಲಿ ವ್ಯಾಯಾಮಶಾಲೆಗೆ ಸ್ವಂತ ಕಟ್ಟಡವೂ ಆಯಿತು. ಒಡೆಯರು 1940ರಲ್ಲಿ ತೀರಿಕೊಂಡರು. ಅದೇ ವರ್ಷ ಅಯ್ಯರ್ ಅವರ 'ಫಿಸೀಕ್ ಅಂಡ್ ಫಿಗರ್' ಪ್ರಕಟವಾಯಿತು.

ಆ ವ್ಯಾಯಾಮಶಾಲೆಯಲ್ಲಿ ಕಬ್ಬಿಣದ ಸದ್ದಿನ ಜೊತೆ ನಾಟಕದ ಮಾತುಗಳೂ ಕೇಳುತ್ತಿದ್ದವು. ಟಿ. ಪಿ. ಕೈಲಾಸಂ ಅವರಿಗೆ ಅಯ್ಯರ್ ಆಪ್ತ ಗೆಳೆಯರು. ಮುಂದೆ 'ರೂಪದರ್ಶಿ', 'ಶಾಂತಲಾ', 'ಲೀನಾ' ಎಂಬ ಕಾದಂಬರಿಗಳನ್ನು ಬರೆದು ಅವರು ಕನ್ನಡ ಓದುಗರ ಮನೆಮಾತಾದರು. ಅವರ ಇಂಗ್ಲಿಷ್ ವ್ಯಾಯಾಮ ಗ್ರಂಥಗಳನ್ನು ಕಾಣದವರೂ 'ಶಾಂತಲಾ' ಓದಿರುತ್ತಾರೆ. ಅಂಗಸಾಧನೆಯ ಪುಸ್ತಕಗಳನ್ನೂ ಅವರು ಇಷ್ಟೇ ಸೊಗಸಾದ ಕನ್ನಡದಲ್ಲಿ ಬರೆದಿದ್ದರೆ ಐನಾಪುರದ ವಸ್ತಾದರೂ ಓದಬಹುದಾಗಿತ್ತು ಎಂಬುದೊಂದೇ ನನ್ನ ಕೊರಗು. ಅಯ್ಯರ್ ಅವರು 1980ರಲ್ಲಿ ನಿಧನರಾದರು.

ನನ್ನ ಸಹಪಾಠಿ ಕೊನೆಗೆ ಪುಸ್ತಕ ಕೊಳ್ಳಲಿಲ್ಲ. ಒಂದು ಸರಳು, ಚಿಕ್ಕ ಬಿಲ್ಲೆಗಳು ನಾಲ್ಕು ಜೊತೆ, ಒಂದು ದಪ್ಪ ಹಗ್ಗ, ಇಷ್ಟನ್ನು ತಂದ. ಸರಳನ್ನು ಮನೆಯಲ್ಲಿ ಇಡದೆ ತಾಲೀಮಿಗೇ ಒಯ್ದು ವಸ್ತಾದರ ಮುಂದೆ ಇಟ್ಟ. ಅವರು ಬಹಳ ಹೊತ್ತು ಅದನ್ನು ನೋಡಿ, ಮೊದಲು ನಿತ್ಯದ ದಂಡ ಬಸ್ಕಿ ಮುಗಿಸೆಂದು ಹೇಳಿ, ಆಮೇಲೆ ತಾವೇ ಒಂದು ಸಲ ಎತ್ತಿ ನೋಡಿದರಂತೆ.